ಇಂಜಿನಿಯರಿಂಗ್ ಮೊದಲ ವರ್ಷ: ಕೇಳಿದ್ದೆಷ್ಟು, ನಿಜವೆಷ್ಟು?

ಪ್ರತಿ ವರ್ಷ ಮೊದಲ ಇಂಟರ್ನಲ್ಸ್‌ ಪೇಪರು ಹಂಚುವ ದಿನ ನನ್ನ ಕ್ಲಾಸಿನಲ್ಲಿ ಸದ್ದಡಗುತ್ತದೆ. ಪಿಯುಸಿ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗ ಪೇಪರನ್ನು ಅರ್ಧ ಬಿಚ್ಚಿ, ಅಂಕ ನೋಡಿ, ಮಡಚಿ ಪುಸ್ತಕದೊಳಗೆ ತುರುಕುತ್ತಾನೆ. ಪಕ್ಕದವನಿಗೆ ತೋರಿಸುವುದಿಲ್ಲ. ಪಕ್ಕದವನೂ ಅದನ್ನೇ ಮಾಡಿದ್ದು ಅವನ ಕಣ್ಣಿಗೆ ಬೀಳುವುದೂ ಇಲ್ಲ. ಮೊದಲ ವರ್ಷದವರಿಗೆ ಪಾಠ ಮಾಡುತ್ತಾ ನಾನು ಕಂಡುಕೊಂಡದ್ದು ಇಷ್ಟು: ಈ ಮಕ್ಕಳನ್ನು ಪಾಠಕ್ಕಿಂತ ಹೆಚ್ಚು ಕಂಗೆಡಿಸುವುದು ಅವರು ಅವರಿವರಿಂದ ಕೇಳಿಕೊಂಡು ಬಂದ ಮಾತುಗಳು. ಅಂಥ ಐದನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಪಿಯುಸಿ ದಾಟಿದರೆ ಆರಾಮ, ಪರೀಕ್ಷೆಗೆ ವಾರವಿರುವಾಗ ಓದಿದರೆ ಸಾಕು.

ಸತ್ಯ: ಪಿಯುಸಿಯಲ್ಲಿ ಒಂದು ವರ್ಷಕ್ಕೆ ಹಂಚಿಕೊಂಡಿದ್ದ ಓದು ಇಲ್ಲಿ ಸುಮಾರು ನಾಲ್ಕು ತಿಂಗಳ ಸೆಮಿಸ್ಟರಿಗೆ ಇಳಿಯುತ್ತದೆ. ವಿಟಿಯು ಪದ್ಧತಿಯಲ್ಲಿ ಥಿಯರಿ ವಿಷಯದ 100 ಅಂಕಗಳಲ್ಲಿ 50 ಅಂಕ ಸೆಮಿಸ್ಟರ್‌ ನಡೆಯುತ್ತಿರುವಾಗಲೇ, ಇಂಟರ್ನಲ್ಸ್‌ ಮತ್ತು ಅಸೈನ್‌ಮೆಂಟ್‌ಗಳಲ್ಲಿ ಬರಬೇಕು. ಆ 50ರಲ್ಲಿ ಕನಿಷ್ಠ 20 ಇಲ್ಲದಿದ್ದರೆ ಕೊನೆಯ ಪರೀಕ್ಷೆಗೇ ಕೂರುವಂತಿಲ್ಲ. ಹಾಜರಾತಿಯೂ ಶೇ. 85 ಇರಬೇಕು. ಕೊನೆಯ ವಾರಕ್ಕೆ ಕಾದು ಕೂತವರು ಅರ್ಧ ಆಟ ಮುಗಿದ ಮೇಲೆ ಅಂಗಳಕ್ಕೆ ಇಳಿದಂತೆ.

ತಪ್ಪು ಕಲ್ಪನೆ 2: ನಾಲ್ಕು ಸಲ ಓದಿದರೆ ತಲೆಯಲ್ಲಿ ಕೂತೇ ಕೂರುತ್ತದೆ.

ಸತ್ಯ: ಮತ್ತೆ ಮತ್ತೆ ಓದಿದಾಗ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನಾವು ಕಲಿಕೆ ಎಂದುಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್‌ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಉಳಿದವರು ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಹಾಗಾಗಿ ಒಂದು ಮಾಡ್ಯೂಲ್‌ ಮುಗಿದ ಕೂಡಲೇ ನೋಟ್ಸ್‌ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಂದ ನಿಮ್ಮ ಓದು ಶುರುವಾಗಲಿ.

ತಪ್ಪು ಕಲ್ಪನೆ 3: ಕನ್ನಡ ಮೀಡಿಯಂನಿಂದ ಬಂದವರಿಗೆ ಇದು ಆಗಿಬರುವುದಿಲ್ಲ.

ಸತ್ಯ: ಇದರಷ್ಟು ನೋವು ಕೊಡುವ ಮಾತು ಇನ್ನೊಂದಿಲ್ಲ, ಇದರಷ್ಟು ಟೊಳ್ಳು ಮಾತೂ ಇನ್ನೊಂದಿಲ್ಲ. ಕಷ್ಟ ಇರುವುದು ನಿಜ. ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷಿನದಾದರೂ ಎಷ್ಟೋ ಊರುಗಳಲ್ಲಿ ಮೇಷ್ಟ್ರು ಬಿಡಿಸಿ ಹೇಳುತ್ತಿದ್ದುದು ಕನ್ನಡದಲ್ಲಿ. ಇಲ್ಲಿ ಬೇರೆ ರಾಜ್ಯದವರೂ ಕೂತಿರುವ ಕ್ಲಾಸಿನಲ್ಲಿ ಆ ಆಸರೆ ಒಮ್ಮೆಲೇ ತಪ್ಪಿಹೋಗುತ್ತದೆ. ಆದರೆ ತಪ್ಪಿದ್ದು ಪದ, ವಿಷಯವಲ್ಲ.

ಹಳ್ಳಿ ಶಾಲೆಯಲ್ಲಿ ಓದಿ ಬಂದ ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನೋಡಿದ್ದು ನನಗೆ ಇನ್ನೂ ನೆನಪಿದೆ. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಗಡೆ ಪೊಟೆನ್ಶಿಯಲ್‌ ಡಿಫರೆನ್ಸ್‌, ಬಲಗಡೆ ವಿಭವಾಂತರ. ಎಡಗಡೆ ರಿಫ್ರಾಕ್ಷನ್‌, ಬಲಗಡೆ ವಕ್ರೀಭವನ. ಬಲಗಡೆಯ ಒಂದೊಂದು ಪದವೂ ಅವಳಿಗೆ ಹತ್ತನೇ ಕ್ಲಾಸಿನಲ್ಲೇ ಚೆನ್ನಾಗಿ ಅರ್ಥವಾಗಿತ್ತು. ಹೊಸದಾಗಿ ಕಲಿಯಬೇಕಿದ್ದುದು ಹೆಸರನ್ನು ಮಾತ್ರ. ಸೆಮಿಸ್ಟರಿನ ಕೊನೆಗೆ ಬರುವಾಗ ಬಲಗಡೆ ಖಾಲಿ ಬಿಡತೊಡಗಿದ್ದಳು. ಅಷ್ಟರಲ್ಲಿ ಅದರ ಅಗತ್ಯ ತೀರಿತ್ತು. ಅರ್ಥ ಮಾಡಿಕೊಳ್ಳುವುದನ್ನು ಕನ್ನಡದಲ್ಲೇ ಮಾಡಿ, ಉತ್ತರ ಬರೆಯುವುದನ್ನು ಇಂಗ್ಲಿಷಿನಲ್ಲಿ ದಿನಕ್ಕೊಂದು ಪುಟ ರೂಢಿಸಿಕೊಳ್ಳಿ. ತಾಯ್ನುಡಿಯಲ್ಲಿ ಗಟ್ಟಿಯಾದ ಬುನಾದಿ ಯಾರಿಗೂ ಕೊರತೆಯಲ್ಲ.

ತಪ್ಪು ಕಲ್ಪನೆ 4: ಮನೆ ನೆನಪಾಗಿ ಅಳು ಬಂದರೆ ಅದು ಹೇಡಿತನ.

ಸತ್ಯ: ಹದಿನೆಂಟು ವರ್ಷ ಅಮ್ಮನ ಕೈ ಊಟ ಉಂಡವರಿಗೆ ಮೆಸ್ಸಿನ ತಟ್ಟೆಯ ಮುಂದೆ ಗಂಟಲು ಬಿಗಿದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ದಿನಚರಿ ಒಂದು ಹದಕ್ಕೆ ಬಂದು, ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕ ಮೇಲೆ ಬಹಳಷ್ಟು ಮಂದಿಗೆ ಇದು ತಾನಾಗಿ ತಗ್ಗುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡವೆನಿಸತೊಡಗಿದರೆ ಸುಮ್ಮನಿರಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್‌ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ ಇದರ ಪ್ರಧಾನ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ತಪ್ಪು ಕಲ್ಪನೆ 5: ಸೀನಿಯರುಗಳು ಸತಾಯಿಸುವುದು ಬರೀ ಪರಿಚಯಕ್ಕೆ, ಸಹಿಸಿಕೊಂಡರೆ ಮುಂದೆ ಅವರೇ ನೆರವಾಗುತ್ತಾರೆ.

ಸತ್ಯ: ನಿಮ್ಮನ್ನು ಅವಮಾನಿಸುವ, ಹೆದರಿಸುವ, ಇಷ್ಟವಿಲ್ಲದ್ದನ್ನು ಬಲವಂತವಾಗಿ ಮಾಡಿಸುವ ಪರಿಚಯ ಪರಿಚಯವಲ್ಲ, ರ‍್ಯಾಗಿಂಗ್‌. ಯುಜಿಸಿಯ 2009ರ ನಿಯಮಗಳ ಪ್ರಕಾರ ತಪ್ಪಿತಸ್ಥರನ್ನು ಕಾಲೇಜಿನಿಂದಲೇ ಹೊರಹಾಕಬಹುದು. ದೂರು ಕೊಡಲು 24 ಗಂಟೆಯ ಸಹಾಯವಾಣಿ 1800-180-5522. ನಿಜವಾಗಿ ನೆರವಾಗುವ ಸೀನಿಯರು ತಮ್ಮ ಹಳೆಯ ಪ್ರಶ್ನೆಪತ್ರಿಕೆ, ಡ್ರಾಯಿಂಗ್‌ ಬೋರ್ಡು ಕೊಟ್ಟು ಹೋಗುತ್ತಾರೆ. ಅಂಥವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ.

ಈ ಐದೂ ಮಾತುಗಳು ಬೆಳೆಯುವುದು ಒಂದೇ ನೆಲದಲ್ಲಿ: ಕಷ್ಟ ನನ್ನೊಬ್ಬನಿಗೇ, ಕೇಳಿದರೆ ದಡ್ಡನೆಂದುಕೊಳ್ಳುತ್ತಾರೆ ಎಂಬ ಅಂಜಿಕೆಯಲ್ಲಿ. ಕ್ಲಾಸಿನಲ್ಲಿ ಕೈ ಎತ್ತಲು ಆಗದಿದ್ದರೆ ಬೇಡ. ಆ ಮಡಚಿಟ್ಟ ಪೇಪರನ್ನು ತೆಗೆದುಕೊಂಡು ಸಂಜೆ ಸ್ಟಾಫ್‌ರೂಮಿಗೆ ಬನ್ನಿ. ಮೇಷ್ಟ್ರು ಮೊದಲು ನೋಡುವುದು ಅಂಕವನ್ನಲ್ಲ, ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂಬುದನ್ನು. ಬರುವಾಗ ಪಕ್ಕದವನನ್ನೂ ಕರೆದುಕೊಂಡು ಬನ್ನಿ. ಅವನ ಪುಸ್ತಕದೊಳಗೂ ಅಂಥದ್ದೇ ಒಂದು ಪೇಪರಿದೆ.