ಜನಗಣತಿ ಹಾಳೆಯಲ್ಲಿ ಚೆಕ್ ಅಜ್ಜ ಸಿಗುತ್ತಾನೆಯೇ?

ಇವತ್ತಿನ ಚೆಕ್ ದೇಶದ ಬೊಹೀಮಿಯಾಕ್ಕೆ ಹೆಳವರು ಬರುತ್ತಿರಲಿಲ್ಲ. ಎತ್ತಿನೊಂದಿಗೆ ಊರೂರು ತಿರುಗಿ, ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಒಪ್ಪಿಸುವ ನಮ್ಮ ಹೆಳವರಂಥವರು ಅಲ್ಲಿ ಇಲ್ಲದ್ದರಿಂದ, ಮನೆತನಗಳ ಲೆಕ್ಕ ಉಳಿದದ್ದು ಮೂವರ ಪುಸ್ತಕಗಳಲ್ಲಿ: ಚರ್ಚಿನ ಪಾದ್ರಿ, ಜಮೀನ್ದಾರನ ಕಾರಕೂನ, ಸರ್ಕಾರದ ಗುಮಾಸ್ತ. ಮೂವರಲ್ಲಿ ಯಾರಿಗೂ ವಂಶಾವಳಿ ಬೇಕಿರಲಿಲ್ಲ. ಪಾದ್ರಿಗೆ ದೀಕ್ಷಾಸ್ನಾನದ ಲೆಕ್ಕ ಬೇಕಿತ್ತು, ಕಾರಕೂನನಿಗೆ ಬಿಟ್ಟಿ ದುಡಿಯುವ ಆಳುಗಳದ್ದು, ಗುಮಾಸ್ತನಿಗೆ ಸೈನ್ಯ ಮತ್ತು ತೆರಿಗೆಯದ್ದು. ಇವತ್ತು ಚಿಕಾಗೋದಲ್ಲೋ ಟೆಕ್ಸಾಸಿನಲ್ಲೋ ಕುಳಿತು ಚೆಕ್ ಮೂಲ ಹುಡುಕುವ ಮೊಮ್ಮಕ್ಕಳು ಈ ಹಾಳೆಗಳನ್ನು ತಮಗಾಗಿಯೇ ಬರೆದಿಟ್ಟವು ಎಂಬಂತೆ ಓದುತ್ತಾರೆ. ತಪ್ಪು ಕಲ್ಪನೆಗಳ ಮೂಲ ಇಲ್ಲಿದೆ.

ಜನಗಣತಿ ಎಂದರೆ ನಮಗೆ ಒಟ್ಟು ಸಂಖ್ಯೆಗಳು. ಭಾರತದ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯ. ಮುತ್ತಜ್ಜನ ಹಾಳೆ ತೋರಿಸಿ ಎಂದು ಕೇಳುವಂತಿಲ್ಲ. ಚೆಕ್ ನಾಡಿನಲ್ಲಿ ಹಾಗಲ್ಲ: ಅದನ್ನು ಆಳುತ್ತಿದ್ದ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಆಡಳಿತದ ಗಣತಿ ಹಾಳೆಗಳು ಈಗ ಪತ್ರಾಗಾರಗಳಲ್ಲಿ ಓದಲು ಸಿಗುತ್ತವೆ. 1857, 1869, 1880, 1890, 1900, 1910. ಆಮೇಲೆ ಚೆಕೊಸ್ಲೊವಾಕಿಯಾ ಗಣರಾಜ್ಯ ನಡೆಸಿದ 1921ರದ್ದು. ಮನೆಗೊಂದು ಹಾಳೆ. ಹೆಸರು, ಹುಟ್ಟಿದ ವರ್ಷ, ಧರ್ಮ, ಕಸುಬು, ಹುಟ್ಟಿದೂರು, ಕೆಲವು ಗಣತಿಗಳಲ್ಲಿ ದನ, ಕುದುರೆ, ಮೇಕೆಗಳ ಲೆಕ್ಕ ಕೂಡ.

ನಂಬಿಕೆ: ಯುದ್ಧದಲ್ಲಿ ಎಲ್ಲ ಸುಟ್ಟುಹೋಗಿದೆ. ಇಲ್ಲವೇ, ಎಲ್ಲವೂ ಇಂಟರ್ನೆಟ್ಟಿನಲ್ಲಿದೆ.

ಎರಡೂ ಅಲ್ಲ. ಚರ್ಚಿನ ಹುಟ್ಟು, ಮದುವೆ, ಸಾವಿನ ಪುಸ್ತಕಗಳು ಬಹುಮಟ್ಟಿಗೆ ಉಳಿದಿವೆ, ಹಳೆಯವನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ನೋಡಬಹುದು. ಗಣತಿ ಹಾಳೆಗಳದ್ದು ಬೇರೆ ಕಥೆ. ಅಂಕಿಅಂಶ ಕೂಡಿಸಿ ಮುಗಿದ ಮೇಲೆ ಅವು ಬರೀ ಹಳೆಯ ಕಾಗದ. ಕೆಲವು ಕಚೇರಿಗಳು ಇಟ್ಟುಕೊಂಡವು, ಕೆಲವು ಬಿಸಾಡಿದವು. ದಕ್ಷಿಣ ಬೊಹೀಮಿಯಾದವರು ಅದೃಷ್ಟವಂತರು: ಅಲ್ಲಿನ ಟ್ರೆಬೊನ್ ಪತ್ರಾಗಾರ ತನ್ನಲ್ಲಿರುವ ಗಣತಿ ಹಾಳೆಗಳನ್ನೂ ಆನ್‌ಲೈನ್‌ಗೆ ಏರಿಸಿದೆ. ಬೇರೆ ಜಿಲ್ಲೆಗಳಲ್ಲಿ ಒಂದು ಗಣತಿ ಇದ್ದರೆ ಇನ್ನೊಂದು ಇಲ್ಲ. ಪ್ರಾಗ್ ನಗರದ ಮಟ್ಟಿಗೆ ಈ ಕೊರತೆಯನ್ನು ಪೊಲೀಸರೇ ತುಂಬಿಕೊಟ್ಟಿದ್ದಾರೆ. 1850ರಿಂದ 1914ರವರೆಗೆ ಅವರು ಇಟ್ಟುಕೊಂಡಿದ್ದ ನಿವಾಸಿಗಳ ನೋಂದಣಿ ಹಾಳೆಗಳನ್ನು ಚೆಕ್ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ನೋಡಬಹುದು.

ನಂಬಿಕೆ: ಅಮೆರಿಕದ ದಾಖಲೆಯಲ್ಲಿ 'ಆಸ್ಟ್ರಿಯಾ' ಎಂದಿದೆ, ಹಾಗಾದರೆ ನಾವು ಚೆಕ್ ಅಲ್ಲ.

1918ರವರೆಗೆ ಚೆಕ್ ನಾಡು ಆಸ್ಟ್ರಿಯಾ ಸಾಮ್ರಾಜ್ಯದ ಭಾಗ. ಅಲ್ಲಿಂದ ಹಡಗು ಹತ್ತಿದವರು ಅಮೆರಿಕದ ಒಂದು ಗಣತಿಯಲ್ಲಿ ಬೊಹೀಮಿಯಾದವರು, ಮುಂದಿನದರಲ್ಲಿ ಆಸ್ಟ್ರಿಯಾದವರು ಎಂದು ದಾಖಲಾಗಿದ್ದು ಮಾಮೂಲು. 1910ರಲ್ಲಿ ಅಮೆರಿಕದವರು ಮಾತೃಭಾಷೆಯನ್ನೂ ಕೇಳಿದರು. ಆ ಅಂಕಣ ದೇಶದ ಹೆಸರಿಗಿಂತ ಹೆಚ್ಚು ಹೇಳುತ್ತದೆ. ವಲಸಿಗರು ಬಂದಿಳಿಯುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಮನೆತನದ ಹೆಸರು ಬದಲಿಸಿದರು ಎಂಬ ಕಥೆಯಂತೂ ಪೂರ್ತಿ ಕೈಬಿಡಬೇಕಾದದ್ದು. ಅವರ ಮುಂದೆ ಇದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ. ಹೆಸರು ಮೊಟಕು ಮಾಡಿಕೊಂಡವರು ಬಹುತೇಕ ವಲಸಿಗರೇ, ಅದೂ ಆಮೇಲೆ, ಅಂಗಡಿಯವರಿಗೂ ಶಾಲೆಯ ಮೇಷ್ಟ್ರಿಗೂ ಹೇಳಿ ಹೇಳಿ ಸಾಕಾಗಿ.

ನಂಬಿಕೆ: ಭಾಷೆಯ ಅಂಕಣದಲ್ಲಿ 'ಜರ್ಮನ್' ಎಂದಿದ್ದರೆ ಅಜ್ಜ ಜರ್ಮನ್.

ಆಸ್ಟ್ರಿಯಾದ ಗಣತಿಗಳಲ್ಲಿ 1857 ಮತ್ತು 1869ರಲ್ಲಿ ಭಾಷೆಯ ಪ್ರಶ್ನೆಯೇ ಇರಲಿಲ್ಲ. 1880ರಲ್ಲಿ ಬಂತು, ಬಂದ ದಿನದಿಂದಲೂ ಜಗಳ. ಸರ್ಕಾರ ಕೇಳಿದ್ದು ಮಾತೃಭಾಷೆಯನ್ನಲ್ಲ, ದಿನನಿತ್ಯ ವ್ಯವಹರಿಸುವ ಭಾಷೆಯನ್ನು; ಅದೂ ಪಟ್ಟಿಯಲ್ಲಿದ್ದ ಭಾಷೆಗಳಲ್ಲಿ ಒಂದನ್ನು ಮಾತ್ರ. ಜರ್ಮನ್ ಮಾಲೀಕನ ಕಾರ್ಖಾನೆಯಲ್ಲಿ ದುಡಿದು, ಅವನದೇ ಕಟ್ಟಡದಲ್ಲಿ ಬಾಡಿಗೆಗಿದ್ದ ಚೆಕ್ ಕೂಲಿಕಾರ ಏನೆಂದು ಬರೆಸಿಯಾನು? ಮನೆಯಲ್ಲಿ ಚೆಕ್, ಅಂಗಡಿಯಲ್ಲಿ ಜರ್ಮನ್ ಮಾತಾಡುವವನು? ಯಹೂದಿಗಳ ಯಿಡ್ಡಿಶ್‌ಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಚೆಕ್, ಜರ್ಮನ್ ಎರಡೂ ಭಾಷೆಗಳು ಬೆರೆತಿದ್ದ ಬುಡೆಯೊವಿತ್ಸೆಯಂಥ ಪಟ್ಟಣಗಳಲ್ಲಿ ಎರಡೂ ಬಣಗಳು ಗಣತಿಯನ್ನು ಚುನಾವಣೆಯಂತೆ ನಡೆಸಿದವು. ಒಂದೇ ಕುಟುಂಬ 1890ರಲ್ಲಿ ಜರ್ಮನ್, 1900ರಲ್ಲಿ ಚೆಕ್ ಎಂದು ಬರೆಸಿದ್ದರೆ ರಕ್ತ ಬದಲಾಗಿಲ್ಲ. ಕೆಲಸವೋ ಮನೆಯೋ ಬದಲಾಗಿರಬಹುದು. ರಾಷ್ಟ್ರೀಯತೆಯನ್ನೇ ನೇರವಾಗಿ ಕೇಳಿದ್ದು 1921ರಲ್ಲಿ. ಯಹೂದಿಗಳು ತಮ್ಮ ರಾಷ್ಟ್ರೀಯತೆ ಯಹೂದಿ ಎಂದು ಬರೆಸಲು ಆಗಲೇ ಅವಕಾಶವಾಯಿತು.

ಧರ್ಮದ ಅಂಕಣಕ್ಕೂ ಇದೇ ಎಚ್ಚರ ಬೇಕು. 1910ರಲ್ಲಿ ಕ್ಯಾಥೊಲಿಕ್ ಎಂದಿದ್ದವರು 1921ರಲ್ಲಿ 'ಧರ್ಮವಿಲ್ಲ' ಎಂದೋ 1920ರಲ್ಲಿ ಹುಟ್ಟಿದ ಚೆಕೊಸ್ಲೊವಾಕ್ ಚರ್ಚಿಗೆ ಸೇರಿದವರೆಂದೋ ಬರೆಸಿದ್ದಾರೆ. ಬೇರೆ ಕುಟುಂಬವೆಂದು ಹಾಳೆ ಮಗುಚಬೇಡಿ. ಆ ಹತ್ತು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಕ್ಯಾಥೊಲಿಕ್ ಚರ್ಚು ಬಿಟ್ಟರು.

ನಂಬಿಕೆ: ಹಾಳೆಯಲ್ಲಿ 'ಸ್ವಂತ ಊರು' ಎಂದಿರುವುದೇ ಅಜ್ಜ ಹುಟ್ಟಿದ ಊರು.

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದೇ. ಹಾಳೆಯಲ್ಲಿ ಊರಿನ ಅಂಕಣಗಳು ಎರಡು. ಒಂದು ಹುಟ್ಟಿದ್ದು, ಇನ್ನೊಂದು ಕಾನೂನಿನ ಪ್ರಕಾರ ಸೇರಿದ್ದು. ಮುಪ್ಪಿನಲ್ಲಿ, ಬಡತನದಲ್ಲಿ ಒಬ್ಬನನ್ನು ನೋಡಿಕೊಳ್ಳುವ ಹೊಣೆ ಯಾವ ಊರಿನದೋ ಅದೇ ಅವನ ಊರು. ಈ ಹಕ್ಕು ಅಪ್ಪನಿಂದ ಮಕ್ಕಳಿಗೆ ಇಳಿಯುತ್ತಿತ್ತು. ಮದುವೆಯಾದ ಹೆಣ್ಣು ಗಂಡನ ಊರಿಗೆ ಸೇರುತ್ತಿದ್ದಳು. 1863ರ ಕಾಯ್ದೆಯಂತೂ ಎಷ್ಟು ವರ್ಷ ಒಂದೆಡೆ ಬಾಳಿದರೂ ಅಲ್ಲಿಯವನಾಗುವುದಿಲ್ಲ ಎಂದಿತು. ಹತ್ತು ವರ್ಷ ನೆಲೆಸಿದವನು ಆ ಊರಿನ ಹಕ್ಕು ಕೇಳಬಹುದು ಎಂಬ ಸಡಿಲಿಕೆ ಬಂದದ್ದು 1896ರ ತಿದ್ದುಪಡಿಯಲ್ಲಿ. ಹೀಗಾಗಿ ಪ್ರಾಗ್‌ನಲ್ಲಿ ಹುಟ್ಟಿ ಪ್ರಾಗ್‌ನಲ್ಲೇ ಬೆಳೆದ ಕೂಲಿಯ ಮಗ, ತಾನೆಂದೂ ಕಾಲಿಡದ ಯಾವುದೋ ಹಳ್ಳಿಗೆ ಸೇರಿದವನೆಂದು ದಾಖಲಾಗುತ್ತಿದ್ದ. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದರೆ ಅವನನ್ನು ಆ ಹಳ್ಳಿಗೇ ಸಾಗಹಾಕುತ್ತಿದ್ದರು. ಅವನಿಗೆ ಅನ್ಯಾಯ, ನಮಗೆ ಲಾಭ: ಅಪ್ಪನೋ ತಾತನೋ ಹೊರಟುಬಂದ ಹಳ್ಳಿಯ ಸುಳಿವು ಸಿಗುವುದು ಆ ಅಂಕಣದಲ್ಲೇ.

ಹಳ್ಳಿಯ ಹೆಸರು ಸಿಕ್ಕರೆ ಸಾಲದು, ಜಿಲ್ಲೆಯೂ ಬೇಕು. ಲ್ಹೋಟಾ ಎಂಬ ಹೆಸರಿನ ಊರುಗಳೇ ನೂರಾರಿವೆ. ಎಷ್ಟೋ ಊರುಗಳಿಗೆ ಚೆಕ್‌ನಲ್ಲೊಂದು, ಜರ್ಮನ್‌ನಲ್ಲೊಂದು ಹೆಸರು. 1856ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಹುಟ್ಟಿದ ಫ್ರೈಬರ್ಗ್ ಇವತ್ತಿನ ನಕ್ಷೆಯಲ್ಲಿ ಪ್ರಿಬೋರ್.

ನಂಬಿಕೆ: ಮನೆ ನಂಬರ್ ಒಂದೇ, ಅಡ್ಡಹೆಸರು ಒಂದೇ, ಹಾಗಾದರೆ ವಂಶವೂ ಒಂದೇ.

ಮನೆಗಳಿಗೆ ನಂಬರ್ ಹಾಕಿಸಿದ್ದು 1770ರ ಹೊತ್ತಿಗೆ, ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿಯ ಕಾಲದಲ್ಲಿ, ಸೈನ್ಯಕ್ಕೆ ಗಂಡಸರನ್ನು ಎಣಿಸಲು. ಆಮೇಲೆ ಕಟ್ಟಿದ ಮನೆ ಎಲ್ಲೇ ಇರಲಿ, ಅದಕ್ಕೆ ಮುಂದಿನ ನಂಬರ್. 14ರ ಪಕ್ಕದಲ್ಲಿ 87 ಇದ್ದರೆ ಆಶ್ಚರ್ಯವಿಲ್ಲ. ಪ್ರಾಗ್‌ನ ಬಾಗಿಲುಗಳ ಮೇಲೆ ಇವತ್ತಿಗೂ ಎರಡು ಫಲಕ: ಕೆಂಪಿನದು ಈ ಹಳೆಯ ಕ್ರಮದ್ದು, ನೀಲಿಯದು ಬೀದಿಯ ಸಾಲಿನದು. ಹಲವು ಊರುಗಳಲ್ಲಿ ನಡುವೆ ನಂಬರುಗಳನ್ನೇ ಹೊಸದಾಗಿ ಹಾಕಿದ್ದಾರೆ. ಇಷ್ಟಾಗಿ, ಒಂದು ನಂಬರಿನಡಿ ಇದ್ದವರೆಲ್ಲ ಒಂದೇ ಮನೆಯವರಲ್ಲ. ರೈತ, ಹೊಲ ಬಿಟ್ಟುಕೊಟ್ಟು ಜೀವನಾಂಶದ ಮೇಲಿದ್ದ ಅವನ ಅಪ್ಪ, ಮೂಲೆಯ ಕೋಣೆಯಲ್ಲಿ ಬಾಡಿಗೆಯ ಕೂಲಿ ಸಂಸಾರ, ಎಲ್ಲರೂ ಒಂದೇ ಸೂರಿನಡಿ. ಕೂಲಿ ಸಂಸಾರ ಬೇಗಬೇಗ ಮನೆ ಬದಲಿಸುತ್ತಿತ್ತು, ಹಾಗಾಗಿ ಅವರ ಮಕ್ಕಳು ಬೇರೆ ಬೇರೆ ನಂಬರುಗಳಲ್ಲಿ ಹುಟ್ಟಿರುತ್ತಾರೆ.

ಅಡ್ಡಹೆಸರಿನ ತೊಡಕು ಇನ್ನೂ ದೊಡ್ಡದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅಡ್ಡಹೆಸರುಗಳನ್ನು ಕಾನೂನಿನಿಂದ ಗಟ್ಟಿ ಮಾಡುವ ತನಕ, ಹಳ್ಳಿಗಳಲ್ಲಿ ಹೆಸರು ಅಂಟಿದ್ದು ಮನುಷ್ಯನಿಗಿಂತ ಮನೆಗೆ. ಮನೆ ಅಳಿಯನಾಗಿ ಬಂದವನು, ವಿಧವೆಯನ್ನು ಮದುವೆಯಾಗಿ ಹೊಲಕ್ಕೆ ಒಡೆಯನಾದವನು ಆ ಮನೆಯ ಹೆಸರನ್ನೇ ತೊಟ್ಟುಕೊಳ್ಳುತ್ತಿದ್ದ. ಎರಡು ಶತಮಾನ ಒಂದೇ ಹೆಸರು ಕಂಡರೂ ನಡುವೆ ರಕ್ತಸಂಬಂಧ ಮೂರು ಸಲ ಕಡಿದಿರಬಹುದು. ಸ್ವಂತ ಅಣ್ಣತಮ್ಮಂದಿರು ಎರಡು ಹೆಸರಿನಲ್ಲಿ ದಾಖಲಾಗಿರಲೂಬಹುದು.

ಇದನ್ನು ಮರೆತವರೇ 1654ರ ತೆರಿಗೆ ಪಟ್ಟಿಯಲ್ಲಿ ತಮ್ಮ ಹೆಸರು ಕಂಡೊಡನೆ ಮೂಲಪುರುಷ ಸಿಕ್ಕ ಎಂದು ಹಿಗ್ಗುವವರು. 'ಬೆರ್ನಿ ರುಲಾ' ಎಂಬ ಆ ಪಟ್ಟಿ ಜನಗಣತಿಯೇ ಅಲ್ಲ. ತೆರಿಗೆ ಕೊಡುವ ಜಮೀನಿನ ಒಡೆಯನ ಹೆಸರಷ್ಟೇ ಅದರಲ್ಲಿದೆ. ಹೆಂಡತಿ ಮಕ್ಕಳಿಲ್ಲ, ಕೂಲಿಗಳಿಲ್ಲ. 1651ರಲ್ಲಿ, ಯಾರು ಕ್ಯಾಥೊಲಿಕ್ ಯಾರು ಅಲ್ಲ ಎಂದು ತಿಳಿಯಲು ಮಾಡಿದ ಪಟ್ಟಿಯಲ್ಲಿ ಮನೆಮಂದಿ, ವಯಸ್ಸು, ಕಸುಬು ಇವೆ, ಆದರೆ ಆ ವಯಸ್ಸುಗಳು ಅಂದಾಜಿನವು. ಸರಿಯಾದ ದಾರಿ ಬೇರೆ: ಗಣತಿ ಹಾಳೆಯಿಂದ ಊರು, ಮನೆ, ಹುಟ್ಟಿದ ವರ್ಷ ಹಿಡಿದು ಚರ್ಚಿನ ಪುಸ್ತಕಕ್ಕೆ ಹೋಗಬೇಕು. ಹೊಲ ಯಾರಿಂದ ಯಾರಿಗೆ ದಾಟಿತು ಎಂಬುದಕ್ಕೆ ಭೂದಾಖಲೆ ಪುಸ್ತಕ ತೆರೆಯಬೇಕು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಇವು ಬಹುಮಟ್ಟಿಗೆ ಹಳೆಯ ಜರ್ಮನ್ ಕೂಡುಬರಹದಲ್ಲಿವೆ, ಭಾಷೆ ಚೆಕ್ ಆಗಿದ್ದಾಗಲೂ. ಓದಲು ಕಲಿಯದೆ ದಾರಿಯಿಲ್ಲ.

ನಂಬಿಕೆ: ಹುಟ್ಟಿನ ಪುಸ್ತಕದಲ್ಲಿ 'ಅಕ್ರಮ ಸಂತಾನ' ಎಂದಿದ್ದರೆ ಮನೆಯಲ್ಲೇನೋ ಹಗರಣ.

ಯಹೂದಿ ಮನೆತನಗಳಲ್ಲಿ ಬಹುಪಾಲು ಹಗರಣ ಸರ್ಕಾರದ್ದೇ. 1726ರಲ್ಲಿ ಹೊರಟ ಆಜ್ಞೆ ಬೊಹೀಮಿಯಾದಲ್ಲಿ 8541, ಪಕ್ಕದ ಮೊರಾವಿಯಾದಲ್ಲಿ 5106 ಯಹೂದಿ ಕುಟುಂಬಗಳು ಮಾತ್ರ ಇರಬಹುದೆಂದು ಮಿತಿ ಹಾಕಿತು. ಕುಟುಂಬದ ಹಕ್ಕು ಹಿರಿಯ ಮಗನಿಗೆ. ಮದುವೆಯಾಗಲು ಕಾನೂನು ಬಿಟ್ಟದ್ದೂ ಅವನನ್ನೇ. ಕಿರಿಯರು ಊರು ಬಿಟ್ಟರು, ಇಲ್ಲವೇ ಧರ್ಮದ ವಿಧಿಯಂತೆ ಗುಟ್ಟಾಗಿ ಮದುವೆಯಾದರು. ಸರ್ಕಾರ ಆ ಮದುವೆಯನ್ನು ಒಪ್ಪಲಿಲ್ಲ; ಮಕ್ಕಳು ತಾಯಿಯ ಹೆಸರಿನಲ್ಲಿ, ಅಕ್ರಮ ಎಂಬ ಷರಾದೊಂದಿಗೆ ದಾಖಲಾದರು. 1848ರ ಕ್ರಾಂತಿಯ ಬೆನ್ನಲ್ಲೇ ಈ ನಿರ್ಬಂಧ ಹೋಯಿತು. ಹತ್ತಾರು ವರ್ಷ ಜೊತೆಗೆ ಬಾಳಿ, ಮೊಮ್ಮಕ್ಕಳನ್ನೂ ಕಂಡ ದಂಪತಿ ಆಗ ಕಾನೂನಿನ ಪ್ರಕಾರ ಮದುವೆಯಾದದ್ದುಂಟು. ಮಕ್ಕಳ ಹಳೆಯ ನಮೂದಿನ ಪಕ್ಕದಲ್ಲಿ ತಂದೆಯ ಹೆಸರು ಸೇರಿಸಿದ ಟಿಪ್ಪಣಿಗಳೂ ಸಿಗುತ್ತವೆ. 1857ರ ಹಾಳೆಯಲ್ಲಿ ಒಂದೇ ಯಹೂದಿ ಮನೆಯ ಅಪ್ಪನಿಗೊಂದು, ಮಗನಿಗೊಂದು ಅಡ್ಡಹೆಸರು ಕಂಡರೆ, ಮೊದಲು ಆ ಟಿಪ್ಪಣಿಗಾಗಿ ಹುಡುಕಬೇಕು.