ಬೀಟಲ್ಸ್ ಚಿತ್ರವೂ ಅಂಗಡಿಯವರ ಮನೆಯ ತಂತಿಯೂ

ನಮ್ಮ ಮನೆಯಲ್ಲಿ ಬೆಳಿಗ್ಗೆ ಅಣ್ಣಾವ್ರ ಹಾಡು, ಸಂಜೆ ಬೀಟಲ್ಸ್ ಹಾಡು. ಇಂಗ್ಲೆಂಡಿಗೆ ಬರುವ ಮೊದಲೇ, ಊರಿನಲ್ಲಿ ಕಾಲೇಜು ಓದುತ್ತಿದ್ದಾಗ, ಒಂದೇ ಕ್ಯಾಸೆಟ್ಟನ್ನು ತಿರುವಿ ತಿರುವಿ ಕೇಳಿ ಈ ಹುಚ್ಚು ಹಿಡಿಸಿಕೊಂಡವರು ನಾವು. ಹಾಗಾಗಿ ಶಾಲೆಯ ಸಂಚಿಕೆಗೆ ಲೇಖನ ಬೇಕೆಂದಾಗ ನಮ್ಮ ಮೆಚ್ಚಿನ ‘ಹೆಲ್ಪ್!’ ಚಿತ್ರದ ಬಗ್ಗೆಯೇ ಬರೆಯೋಣ ಅನ್ನಿಸಿತು. ಕನ್ನಡ ಶಾಲೆಗೂ ಬೀಟಲ್ಸಿಗೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಸಂಬಂಧ ಇದೆ, ಕೊನೆಯವರೆಗೂ ಓದಿ!

ಮಕ್ಕಳೇ, ಬೀಟಲ್ಸ್ ಎಂದರೆ ಲಿವರ್‌ಪೂಲ್ ನಗರದ ನಾಲ್ವರು ಹುಡುಗರ ತಂಡ: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್. 1964ರಲ್ಲಿ ಅವರ ಮೊದಲ ಚಿತ್ರ ಕಪ್ಪು-ಬಿಳುಪಿನಲ್ಲಿ ಬಂತು. ಮರುವರ್ಷ ಬಂದ ಬಣ್ಣದ ಚಿತ್ರವೇ ‘ಹೆಲ್ಪ್!’ 1965ರ ಜುಲೈ 29ರಂದು ಲಂಡನ್ನಿನ ಪಿಕ್ಯಾಡಿಲಿ ಸರ್ಕಸ್‌ನಲ್ಲಿದ್ದ ‘ಲಂಡನ್ ಪೆವಿಲಿಯನ್’ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಎರಡೂ ಚಿತ್ರಗಳ ನಿರ್ದೇಶಕರು ರಿಚರ್ಡ್ ಲೆಸ್ಟರ್.

ಕಥೆ ಎಂದರೆ ಇಷ್ಟೇ. ಪೂರ್ವ ದೇಶದ ಯಾವುದೋ ಪಂಥದವರ ಬಲಿ ಉಂಗುರ ರಿಂಗೋನ ಬೆರಳಿಗೆ ಸಿಕ್ಕಿಹಾಕಿಕೊಂಡಿದೆ. ಏನು ಮಾಡಿದರೂ ಬಿಚ್ಚಲು ಬರುವುದಿಲ್ಲ. ಉಂಗುರ ತೊಟ್ಟವರನ್ನೇ ಬಲಿ ಕೊಡಬೇಕೆಂದು ಆ ಪಂಥದವರು ಬೆನ್ನು ಹತ್ತುತ್ತಾರೆ. ಜೊತೆಗೆ ಇಬ್ಬರು ತಿಕ್ಕಲು ವಿಜ್ಞಾನಿಗಳೂ ಉಂಗುರಕ್ಕಾಗಿ ಹಿಂದೆ ಬೀಳುತ್ತಾರೆ. ನಾಲ್ವರೂ ಲಂಡನ್ನಿನಿಂದ ಆಲ್ಪ್ಸ್ ಪರ್ವತಕ್ಕೆ, ಅಲ್ಲಿಂದ ಬಹಾಮಾಸ್ ದ್ವೀಪಗಳಿಗೆ ಓಡುತ್ತಾರೆ. ಹುಲಿಯೊಂದನ್ನು ಸಮಾಧಾನ ಮಾಡಲು ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಹಾಡನ್ನು ಎಲ್ಲರೂ ಸೇರಿ ಹಾಡುವ ದೃಶ್ಯವಂತೂ ನೂರು ಸಲ ನೋಡಿದರೂ ನಗು ತಡೆಯಲಾಗದು.

ಹಾಡುಗಳನ್ನು ಚಿತ್ರಿಸಿದ ರೀತಿ ಇನ್ನೂ ಚೆನ್ನ. ‘ಟಿಕೆಟ್ ಟು ರೈಡ್’ ಹಾಡಿನಲ್ಲಿ ಆಸ್ಟ್ರಿಯಾದ ಹಿಮದ ಮೇಲೆ ನಾಲ್ವರೂ ಜಾರುತ್ತಾರೆ, ಬೀಳುತ್ತಾರೆ, ಎದ್ದು ಕುಣಿಯುತ್ತಾರೆ. ಹಿಮದ ನಡುವೆ ದೊಡ್ಡದೊಂದು ಪಿಯಾನೋ! ತಂತಿ ಕಂಬಗಳ ತಂತಿಗಳ ಮೇಲೆ ಸ್ವರಲಿಪಿಯ ಗುರುತುಗಳು ಹಕ್ಕಿಗಳ ಹಾಗೆ ಬಂದು ಕೂರುತ್ತವೆ. ಇನ್ನೆರಡು ಹಾಡುಗಳನ್ನು ಸಾಲಿಸ್‌ಬರಿ ಬಯಲಿನಲ್ಲಿ, ಸೈನ್ಯದ ಟ್ಯಾಂಕುಗಳ ನಡುವೆ ಹಾಡುತ್ತಾರೆ. ವೇದಿಕೆಯ ಮೇಲೆ ನಿಂತು ಹಾಡುವುದನ್ನು ಸುಮ್ಮನೆ ತೋರಿಸದೆ, ಹಾಡಿನ ತಾಳಕ್ಕೆ ಸರಿಯಾಗಿ ದೃಶ್ಯಗಳನ್ನು ಕತ್ತರಿಸಿ ಜೋಡಿಸಿದ ಲೆಸ್ಟರ್ ಅವರ ಈ ಜಾಣ್ಮೆ ಮುಂದೆ ಟಿವಿಯಲ್ಲಿ ಬಂದ ಮ್ಯೂಸಿಕ್ ವಿಡಿಯೊಗಳಿಗೆ ದಾರಿ ಹಾಕಿಕೊಟ್ಟಿತು.

ಇಷ್ಟೆಲ್ಲ ಹೊಗಳಿದ ಮೇಲೆ ಮನಸ್ಸಿಗೆ ಚುಚ್ಚಿದ ಮಾತನ್ನೂ ಹೇಳಬೇಕು. ಮೊದಲ ಬಾರಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರ ನೋಡಿದಾಗ ಅರ್ಧ ಗಂಟೆ ಎಲ್ಲರೂ ನಗುತ್ತಿದ್ದೆವು. ಆಮೇಲೆ ಮಗಳು ಕೇಳಿದಳು: “ಅಪ್ಪ, ಆ ಕೆಟ್ಟವರು ಯಾರು? ಅವರು ನಾವಾ?”

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಆ ಪಂಥದ ದೇವಿಯ ಹೆಸರು ‘ಕೈಲಿ’. ನಮ್ಮ ಕಾಳಿಯ ಹೆಸರನ್ನೇ ತಿರುಚಿದ್ದು. ಭಾರತದವರಂತೆ ವೇಷ ಕಟ್ಟಿದವರು ಲಿಯೋ ಮೆಕರ್ನ್, ಎಲಿನಾರ್ ಬ್ರಾನ್ ಮೊದಲಾದ ನಟರು, ಅವರಲ್ಲಿ ಭಾರತೀಯರಿಲ್ಲ. ದೇವಿ ಎಂದರೆ ಬಲಿ, ಭಕ್ತರೆಂದರೆ ಕೊಲೆಗಡುಕರು! ಅಜ್ಜಿಯ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ಹುಡುಗಿಗೆ ಅದು ಹೇಗೆ ಕಂಡಿರಬೇಡ? “ಅದು ಬರೀ ತಮಾಷೆ ಪುಟ್ಟಾ” ಎಂದು ಹೇಳಿ ಮುಂದಿನ ಹಾಡು ಹಾಕಿದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಅಭಿಮಾನಿಗಳಿಗೂ ಹಾಗೆಯೇ. ಆ ರಾತ್ರಿ ನಮ್ಮ ಉತ್ತರ ನಮಗೇ ಸರಿ ಕಾಣಲಿಲ್ಲ.

ಮರುದಿನ ಅವಳಿಗೆ ಇಡೀ ಕಥೆ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಚಿತ್ರದಲ್ಲಿ ಭಾರತೀಯ ಹೋಟೆಲಿನ ದೃಶ್ಯವೊಂದಿದೆ. 1965ರ ಏಪ್ರಿಲ್‌ನಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ ತೆಗೆದದ್ದು. ಅದಕ್ಕಾಗಿ ನಿಜವಾದ ಭಾರತೀಯ ವಾದಕರನ್ನು ಕರೆಸಿದ್ದರು. ಅಲ್ಲಿದ್ದ ಸಿತಾರನ್ನು ಜಾರ್ಜ್ ಹ್ಯಾರಿಸನ್ ಕುತೂಹಲದಿಂದ ಕೈಗೆತ್ತಿಕೊಂಡರು. ಆ ನಾದ ಅವರ ತಲೆಯಲ್ಲಿ ಉಳಿಯಿತು. ಆಮೇಲೆ ತಾವೇ ಒಂದು ಸಿತಾರ್ ಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ನಾರ್ವೇಜಿಯನ್ ವುಡ್’ ಎಂಬ ಹಾಡಿಗೆ ಅದನ್ನು ನುಡಿಸಿದರು. ರೆಕಾರ್ಡಿಂಗ್ ವೇಳೆ ಸಿತಾರಿನ ತಂತಿ ಪಟ್ಟೆಂದು ಹರಿಯಿತು!

ಆಗಿನ ಲಂಡನ್ನಿನಲ್ಲಿ ಸಿತಾರ್ ತಂತಿ ಎಲ್ಲಿ ಸಿಗಬೇಕು? ಸ್ಟುಡಿಯೊದಿಂದ ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆಗೆ ಫೋನ್ ಹೋಯಿತು. ಉತ್ತರ ಲಂಡನ್ನಿನ ಫಿಂಚ್ಲಿಯ ಮನೆಯೊಂದರಿಂದ ಅದನ್ನು ನಡೆಸುತ್ತಿದ್ದವರು ಅಯನ ದೇವ ಅಂಗಡಿ ಮತ್ತು ಅವರ ಪತ್ನಿ ಪೆಟ್ರೀಶಿಯಾ. ಅಂಗಡಿ ಎಂಬ ಹೆಸರು ಕೇಳಿದಾಗಲೇ ನಿಮಗೆ ಗೊತ್ತಾಗಿರಬೇಕು. ಹೌದು, ಅವರು ನಮ್ಮವರೇ! ಇಂದಿನ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿದವರು. ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಲಂಡನ್ನಿನಲ್ಲಿ ಯೋಗ ಕಲಿಸುವುದಕ್ಕೂ ಅದೇ ಸಂಸ್ಥೆ ನೆರವಾಗಿತ್ತು.

ಅಂಗಡಿಯವರ ಮನೆಯಲ್ಲಿ ತಂತಿ ಇತ್ತು. ತಂತಿಯ ಜೊತೆಗೆ ಮನೆಮಂದಿಯೆಲ್ಲ ಸ್ಟುಡಿಯೊಗೆ ಹೋದರು. ರೆಕಾರ್ಡಿಂಗ್ ನೋಡುತ್ತಾ ಕುಳಿತಿದ್ದ ಪೆಟ್ರೀಶಿಯಾ ಅಲ್ಲೇ ಚಿತ್ರ ಬಿಡಿಸಿದರಂತೆ. ಆ ಹಾಡು ಡಿಸೆಂಬರ್ 3ರಂದು ‘ರಬ್ಬರ್ ಸೋಲ್’ ಆಲ್ಬಮ್ಮಿನಲ್ಲಿ ಹೊರಬಂತು. 1966ರಲ್ಲಿ ಅಂಗಡಿಯವರ ಮನೆಯಲ್ಲೇ ಹ್ಯಾರಿಸನ್ ಅವರಿಗೆ ಪಂಡಿತ ರವಿಶಂಕರರ ಭೇಟಿಯಾಯಿತು. ಆ ಸೆಪ್ಟೆಂಬರ್‌ನಲ್ಲಿ ಹ್ಯಾರಿಸನ್ ಮುಂಬಯಿಗೆ ಹೋಗಿ, ಗುರುಗಳ ಮುಂದೆ ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಂಡರು. 1971ರ ಆಗಸ್ಟ್ 1ರಂದು ಗುರು-ಶಿಷ್ಯರಿಬ್ಬರೂ ಸೇರಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತ ಕಾರ್ಯಕ್ರಮ ಮಾಡಿದರು. ನಮ್ಮ ದೇಶವನ್ನು ಗೇಲಿ ಮಾಡಿದ ಚಿತ್ರದ ನಾಯಕರಲ್ಲೊಬ್ಬರು ಅದೇ ದೇಶದ ಸಂಗೀತಕ್ಕೆ ಶಿಷ್ಯರಾದರು.

ಹಾಗೆಂದು ಚಿತ್ರದ ತಪ್ಪು ಅಳಿಸಿಹೋಯಿತೇ? ಇಲ್ಲ. ಆ ಗೇಲಿ ಈಗಲೂ ಅಲ್ಲೇ ಇದೆ, ಈಗಲೂ ಚುಚ್ಚುತ್ತದೆ. ಹ್ಯಾರಿಸನ್ ಅವರಿಗೆ ದಾರಿ ತೆರೆದದ್ದು ಆ ಕಥೆಯಲ್ಲ. ಹೋಟೆಲ್ ದೃಶ್ಯಕ್ಕೆ ಬಂದಿದ್ದ ವಾದಕರ ಸಿತಾರ್, ಮತ್ತು ಪರದೇಶದಲ್ಲಿ ವರ್ಷಗಟ್ಟಲೆ ತಮ್ಮ ನಾಡಿನ ಸಂಗೀತವನ್ನು ಕಾಪಾಡಿಕೊಂಡು ಬಂದಿದ್ದ ಅಂಗಡಿಯವರಂಥವರು. ಫೋನ್ ಬಂದ ದಿನ ಅವರ ಬಳಿ ತಂತಿ ಇತ್ತಲ್ಲ, ಅದು ದೊಡ್ಡದು.

ಪೋಷಕರೇ, ಈ ಚಿತ್ರವನ್ನು ಮಕ್ಕಳಿಂದ ಮುಚ್ಚಿಡಬೇಡಿ, ಅವರೊಬ್ಬರನ್ನೇ ಕೂರಿಸಿಯೂ ತೋರಿಸಬೇಡಿ. ಜೊತೆಯಲ್ಲಿ ಕುಳಿತು ನಗುವ ಕಡೆ ನಗಿ, ತಪ್ಪು ಕಂಡ ಕಡೆ ನಿಲ್ಲಿಸಿ ಮಾತಾಡಿ. ಮಕ್ಕಳೇ, ನಿಮ್ಮ ಮೆಚ್ಚಿನ ತಾರೆ ತಪ್ಪು ಮಾಡಿದರೆ ತಪ್ಪು ಎನ್ನಿ. ಹಾಗೆ ಹೇಳಿದರೆ ಅಭಿಮಾನ ಕಡಿಮೆಯಾಗುವುದಿಲ್ಲ. ನಮ್ಮ ಮಗಳು ಈಗ ಹಿಮದ ಹಾಡು ಬಂದಾಗ ನಮಗಿಂತ ಜೋರಾಗಿ ಹಾಡುತ್ತಾಳೆ, ‘ಕೈಲಿ’ ಬಂದಾಗ ಮುಖ ಸಿಂಡರಿಸುತ್ತಾಳೆ. ಹೋಟೆಲ್ ದೃಶ್ಯ ಬಂದರೆ ಮಾತ್ರ ಎಲ್ಲರನ್ನೂ ಸುಮ್ಮನಿರಿಸುತ್ತಾಳೆ. “ಶ್! ಸಿತಾರ್ ಕೇಳಿಸಿಕೊಳ್ಳಿ” ಅಂತ.