ತುರುಬಿಗೆ ಒಂದು ಕಡ್ಡಿ ಸಾಕು

ಬೀಡಿ ಕಟ್ಟುವ ಹೆಂಗಸರ ತುರುಬನ್ನು ಗಮನಿಸಿ ನೋಡಬೇಕು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಮನೆಗಳ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು, ಗಂಟೆಗಟ್ಟಲೆ ತಲೆ ತಗ್ಗಿಸಿ ಕೂರುವವರು ಅವರು. ಹಿಂಗತ್ತಿನ ತುರುಬು ಗೋಡೆಗೆ ಒತ್ತುತ್ತದೆಂದು ಕೂರುವ ಮೊದಲೇ ಅದನ್ನು ನಾಲ್ಕು ಬೆರಳು ಮೇಲಕ್ಕೆ ಏರಿಸಿಕೊಳ್ಳುತ್ತಾರೆ. ತೋಟದಿಂದ ಹುಲ್ಲಿನ ಹೊರೆ ತರುವಾಗ ಅದೇ ತುರುಬು ಕೆಳಗಿಳಿಯುತ್ತದೆ, ಏಕೆಂದರೆ ನೆತ್ತಿ ಸಿಂಬಿಗೆ ಬೇಕು. ದಿನದಲ್ಲಿ ಹೀಗೆ ಎಷ್ಟು ಸಲ ಬಿಚ್ಚಿ ಕಟ್ಟುತ್ತಾರೋ, ಅಷ್ಟು ಸಲವೂ ರಬ್ಬರ್ ಬ್ಯಾಂಡು ನಾಲ್ಕು ಕೂದಲು ಕಿತ್ತುಕೊಂಡೇ ಹೊರಬರುತ್ತದೆ.

ಉದ್ದ ಕೂದಲಿನವರು ಈ ನೋವನ್ನು ಹೇಳಿಕೊಳ್ಳುವುದಿಲ್ಲ. ಸಂಜೆ ತಲೆ ಭಾರವಾದರೆ ಬಿಸಿಲು, ನಿದ್ದೆಗೇಡು, ಕನ್ನಡಕ ಅಂತೆಲ್ಲ ಕಾರಣ ಹುಡುಕುತ್ತೇವೆ. ಲಂಡನ್ನಿನ ನರರೋಗ ತಜ್ಞ ಜೆ.ಎನ್. ಬ್ಲಾವ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲನ್ನು ಹಿಂದಕ್ಕೆ ಸೇರಿಸಿ ಕಟ್ಟುವ 93 ಮಹಿಳೆಯರ ಪೈಕಿ 50 ಮಂದಿ ಆ ಕಟ್ಟಿನಿಂದಲೇ ತಲೆನೋವು ಬಂದದ್ದುಂಟು ಎಂದಿದ್ದರು. ಕೂದಲಿಗೆ ನೋವು ತಿಳಿಯದು, ಅದರ ಬುಡದ ಚರ್ಮಕ್ಕೆ ತಿಳಿಯುತ್ತದೆ. ಎಳೆತ ವರ್ಷಗಟ್ಟಲೆ ಮುಂದುವರಿದರೆ ಹಣೆಯಂಚಿನ, ಕಿವಿಯ ಮೇಲಿನ ಕೂದಲು ಉದುರಿ ಮತ್ತೆ ಹುಟ್ಟದೆ ಹೋಗುವುದೂ ಉಂಟು. ವೈದ್ಯರು ಇದನ್ನು ಮೊದಲು ದಾಖಲಿಸಿದ್ದು 1907ರಲ್ಲಿ, ಕೂದಲನ್ನು ಬಿಗಿಯಾಗಿ ಎತ್ತಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ.

ತುರುಬು ನಿಲ್ಲಬೇಕಾದರೆ ಬಿಗಿಯಲೇಬೇಕು ಎಂಬ ನಂಬಿಕೆಯೇ ಈ ತೊಂದರೆಯ ಬೇರು. ತೆಂಗಿನ ನಾರಿನ ಹಗ್ಗ ಗಟ್ಟಿಯಾಗುವುದು ಹುರಿಯಿಂದ. ಕೂದಲಿಗೂ ಆ ಗುಣವಿದೆ. ಹಿಂಗತ್ತಿನಲ್ಲಿ ಕೂದಲು ಸೇರಿಸಿ ಒಂದೇ ದಿಕ್ಕಿಗೆ ತಿರುಚುತ್ತಾ ಹೋದರೆ ಅದು ತಾನಾಗಿ ಸುರುಳಿಯಾಗಿ ಕೂರುತ್ತದೆ. ತುದಿಯನ್ನು ಸುರುಳಿಯ ಅಡಿಗೆ ಸೇರಿಸಿಬಿಡಿ. ಈಗ ಬೇಕಾದದ್ದು ಸುರುಳಿ ಬಿಚ್ಚದಂತೆ ತಡೆಯುವ ಒಂದು ಕಡ್ಡಿ, ಅಷ್ಟೇ.

ಆ ಕಡ್ಡಿಯನ್ನು ನೇರ ಚುಚ್ಚಿದರೆ ಹತ್ತು ಹೆಜ್ಜೆಗೆ ಜಾರುತ್ತದೆ. ‘ನನ್ನ ಕೂದಲಿಗೆ ಇದು ಆಗಿಬರುವುದಿಲ್ಲ’ ಎಂದು ಹೆಚ್ಚಿನವರು ಕೈಬಿಡುವುದು ಇಲ್ಲೇ. ಕಡ್ಡಿಯ ಮೊನೆಯಿಂದ ಮೊದಲು ತುರುಬಿನ ಹೊರ ಅಂಚಿನ ಒಂದೆಳೆ ಎತ್ತಿಕೊಳ್ಳಬೇಕು. ಹಾಗೇ ಮೊನೆಯನ್ನು ತಲೆಯ ಕಡೆಗೆ ಇಳಿಸಿ, ಚರ್ಮಕ್ಕೆ ತಾಗಿಕೊಂಡಿರುವ ಕೂದಲನ್ನೂ ತುಸು ಹಿಡಿಯಬೇಕು. ಬಳಿಕ ಕಡ್ಡಿಯನ್ನು ಮಗುಚಿ, ಮೊನೆಯನ್ನು ತುರುಬಿನತ್ತ ತಿರುಗಿಸಿ, ಅದರ ಅಡಿಯಿಂದ ಆಚೆ ಬದಿಗೆ ತೂರಿಸಬೇಕು. ಇದರ ಗುಟ್ಟೆಲ್ಲ ಮಗುಚುವುದರಲ್ಲಿದೆ. ಹೊರಗಿನ ಕೂದಲು ಒಂದು ಕಡೆಗೆ, ತಲೆಯ ಕೂದಲು ಇನ್ನೊಂದು ಕಡೆಗೆ ಕಡ್ಡಿಯನ್ನು ಒತ್ತುವುದರಿಂದ ಅದು ನಡುವೆ ಸಿಕ್ಕಿ ನಿಲ್ಲುತ್ತದೆ. ತುರುಬಿನ ಭಾರ ನಾಲ್ಕೆಂಟು ಎಳೆಗಳ ಮೇಲೆ ಬೀಳದೆ ಅಗಲಕ್ಕೆ ಹಂಚಿಹೋಗುತ್ತದೆ.

ಕವಲಿನ ಕಡ್ಡಿಗೂ ಕ್ರಮ ಇದೇ. ಎರಡು ಕಾಲುಗಳಿರುವುದರಿಂದ ಅದು ತಿರುಗದು. ದಪ್ಪ ಕೂದಲಿಗೆ, ಓಡಾಟದ ಕೆಲಸಕ್ಕೆ ಅದನ್ನೇ ನಾನು ಮೆಚ್ಚುತ್ತೇನೆ. ಹಾಕಿದ ಮೇಲೆ ಹುಬ್ಬು ಏರಿಸಿ, ಗದ್ದವನ್ನು ಎದೆಗೆ ತಾಗಿಸಿ ನೋಡಿ. ಎಲ್ಲಾದರೂ ಚುರುಕ್ ಎಂದರೆ ಅಲ್ಲಿ ಒಂದೆಳೆ ಸಿಕ್ಕಿಕೊಂಡಿದೆ. ಸಹಿಸಿಕೊಳ್ಳದೆ ತೆಗೆದು ಮತ್ತೆ ಹಾಕಿ.

ನಮ್ಮ ಘಟ್ಟದ ಬುಡದ ಹವೆಗೆ ಇದರಿಂದ ಇನ್ನೂ ಒಂದು ಅನುಕೂಲವಿದೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಆಟಿ ತಿಂಗಳಲ್ಲಿ ಮಿಂದ ತಲೆ ಸಂಜೆಯಾದರೂ ಒಣಗುವುದಿಲ್ಲ. ಒದ್ದೆ ಕೂದಲು ಒಣಗಿದ್ದಕ್ಕಿಂತ ದುರ್ಬಲ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಕಡ್ಡಿ ಹಾಕಿದ ಸಡಿಲ ತುರುಬಿನೊಳಗೆ ಗಾಳಿಯಾಡುತ್ತದೆ, ಒಂದೇ ಕೈಯಲ್ಲಿ ಬಿಚ್ಚಿ ಆರಿಸಿಕೊಳ್ಳಲೂಬಹುದು. ಇನ್ನು ತೆಂಗಿನೆಣ್ಣೆ. ಅದು ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆಂದು ಆರತಿ ರೇಲೆ ಮತ್ತು ಆರ್.ಬಿ. ಮೋಹಿಲೆ 2003ರಲ್ಲಿ ತೋರಿಸಿಕೊಟ್ಟರು. ಆದರೆ ಎಣ್ಣೆಗೂದಲಿನಲ್ಲಿ ನಯವಾದ ಸ್ಟೀಲ್ ಪಿನ್ನು ಜಾರುತ್ತದೆ. ಮರಕ್ಕೆ ಹಿಡಿತ ಜಾಸ್ತಿ.

ತುರುಬಿಗೆ ಕಡ್ಡಿ ಹೊಸದೇನಲ್ಲ. ಚೀನಾದಲ್ಲಿ ಹುಡುಗಿಗೆ 15 ತುಂಬಿದಾಗ ಕೂದಲು ಮೇಲೆತ್ತಿ ಕಡ್ಡಿ ಸಿಕ್ಕಿಸುವುದು ಒಂದು ಸಂಸ್ಕಾರವೇ ಆಗಿತ್ತು. ಜಪಾನಿನ ಕಾನ್‌ಜಾಶಿ, ರೋಮಿನ ಎಲುಬಿನ ಪಿನ್ನುಗಳು ಮ್ಯೂಸಿಯಮ್ಮುಗಳಲ್ಲಿವೆ. ನಮ್ಮಲ್ಲಿ ಚನ್ನಪಟ್ಟಣದವರು ಆಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿ ಆಟಿಕೆಯ ಜೊತೆಗೆ ತುರುಬಿನ ಕಡ್ಡಿಗಳನ್ನೂ ಮಾಡುತ್ತಾರೆ. ಇಲ್ಲಿನ ಫ್ಯಾನ್ಸಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನವೇ ಹೆಚ್ಚು. ಅಚ್ಚಿನ ಏಣು ಉಳಿದಿರುವ ಅವು ಕೂದಲನ್ನು ಕೊಯ್ಯುತ್ತವೆ. ಮೂಡುಬಿದಿರೆಯ ಚೌಟರ ಅರಮನೆಯ ಕಂಬದಲ್ಲಿ ಒಂಬತ್ತು ಹೆಣ್ಣುಗಳನ್ನು ಹೆಣೆದು ಆನೆ ಮಾಡಿದ ನವನಾರಿ ಕುಂಜರವಿದೆ, ಐವರನ್ನು ಹೆಣೆದು ಕುದುರೆ ಮಾಡಿದ ಪಂಚನಾರಿ ತುರಗವಿದೆ. ಮರವನ್ನು ಹಾಗೆ ಬಳಸಿದ ಸೀಮೆಯಲ್ಲಿ ಹೆಂಗಸರ ತಲೆಗೆ ಪ್ಲಾಸ್ಟಿಕ್ ಏಕೆ ಬರಬೇಕು ಎಂದು ನನಗೆ ಬೇಸರವಿದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಸ್ಕೂಟರ್ ಏರುವಾಗ ಕಡ್ಡಿ ತಲೆಯಲ್ಲಿರಬಾರದು. ಹೆಲ್ಮೆಟ್ಟಿನ ಅಡಿಯಲ್ಲಿ ಗಟ್ಟಿ ವಸ್ತು ಇದ್ದರೆ ಬಿದ್ದಾಗ ಅದೇ ತಲೆಗೆ ನಾಟುತ್ತದೆ. ಸಡಿಲ ಜಡೆ ಹೆಣೆದು ಹೊರಡಿ, ತಲುಪಿದ ಮೇಲೆ ಸುತ್ತಿ ಸಿಕ್ಕಿಸಿಕೊಳ್ಳಿ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಸೀಟಿಗೆ ತಲೆ ಆನಿಸಿ ನಿದ್ದೆ ಮಾಡುವವರಿಗೂ ಇದೇ ಮಾತು.

ಊರಿನ ಆಚಾರಿಯ ಬಳಿ ಮಾಡಿಸುವುದಾದರೆ ಹಲಸೋ ಬೀಟೆಯೋ, ಮರಗೆಲಸದಲ್ಲಿ ಉಳಿದ ಒಣ ತುಂಡು ಸಾಕು. ನೀವೇ ತುರುಬು ಸುತ್ತಿ ಅಳತೆ ಕೊಡಿ: ಎರಡೂ ಬದಿಗೆ ಒಂದೊಂದು ಬೆರಳು ಹೊರಗಿರಬೇಕು. ಮೊನೆ ಪೆನ್ಸಿಲಿನಷ್ಟು ಚೂಪು ಬೇಡ, ಉರುಟಾಗಿರಲಿ. ಕವಲಿನದಾದರೆ ತಲೆಯ ಉಬ್ಬಿಗೆ ಹೊಂದುವಂತೆ ಸ್ವಲ್ಪ ಬಾಗು ಇರಲಿ, ಕಾಲುಗಳ ಒಳಬದಿಯನ್ನೂ ಮರಳು ಕಾಗದದಲ್ಲಿ ಚೆನ್ನಾಗಿ ತಿಕ್ಕಲು ಹೇಳಿ. ಹೆಚ್ಚಿನವರು ಬಿಡುವುದು ಅದನ್ನೇ. ತಂದ ಮೇಲೆ ಹಳೆಯ ರೇಷ್ಮೆ ಸೀರೆಯ ಸೆರಗಿನ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಆಚಾರಿಗೆ ಹಿಂದಿರುಗಿಸಿ, ಇನ್ನೊಮ್ಮೆ ತಿಕ್ಕಿಸಿ.